ಸಿರೊಟೋನಿನ್ನಿನ ವಿಘಟನೆ: ಮೃದ್ವಂಗಿಗಳ ಸಾಕ್ಷ್ಯ

ಸಿರೊಟೋನಿನ್ನಿನ ಚರಿತ್ರೆಯನ್ನು 1948ರಿಂದ, ಅಂದರೆ ರ್‍ಯಾಪೋರ್ಟ್, ಗ್ರೀನ್ ಮತ್ತು ಪೇಜ್ ಅವರು ಕ್ಲೀವ್‌ಲೆಂಡ್‌ನಲ್ಲಿ ಅದನ್ನು ರಕ್ತದಿಂದ ಬೇರ್ಪಡಿಸಿದಂದಿನಿಂದ, ಆರಂಭಿಸುವುದು ವಾಡಿಕೆ. ಆದರೆ ಇಟಲಿಯ ಎರ್ಸ್ಪಾಮರ್ ಅವರು ತಾವು ಎಂಟರಮೀನ್ ಎಂದು ಕರೆದ ವಸ್ತುವನ್ನು ಅದಕ್ಕೂ ಮೊದಲೇ ಅಷ್ಟಪದಿಯ ಲಾಲಾಗ್ರಂಥಿಯಲ್ಲಿ ಕಂಡಿದ್ದರು. ಎರಡೂ ಒಂದೇ ಎಂಬುದು 1952ರಲ್ಲಿ ಸ್ಥಿರಪಟ್ಟಿತು.

ವಿಘಟನೆಯ ವಿಚಾರದಲ್ಲಿಯೂ ಸಸ್ತನಿಯೇ ಅಳತೆಗೋಲಾಯಿತು. ಮೇರಿ ಹೇರ್ ಅವರು 1928ರಲ್ಲಿ ಯಕೃತ್ತಿನಲ್ಲಿ ಗುರುತಿಸಿದ ಕಿಣ್ವವು ಮುಂದೆ ಮಾನೊಅಮೀನ್ ಆಕ್ಸಿಡೇಸ್ ಎಂದು ಪ್ರಸಿದ್ಧವಾಯಿತು; ಸಿರೊಟೋನಿನ್ನನ್ನು ಉತ್ಕರ್ಷಿಸಿ ನಿಷ್ಕ್ರಿಯಗೊಳಿಸುವುದು ಇದರ ಕಾರ್ಯ. ಬ್ಲಾಷ್ಕೊ ಮೊದಲಾದವರು 1950ರ ದಶಕದ ಆರಂಭದಲ್ಲಿ ಅಷ್ಟಪದಿಯ ಬಳಗದಲ್ಲಿಯೂ ಅಮೀನ್ ಆಕ್ಸಿಡೇಸನ್ನು ಪರಿಶೀಲಿಸಿದಾಗ, ಈ ಮಾರ್ಗವು ಸರ್ವಸಾಮಾನ್ಯವೆಂದು ಭಾವಿಸಲು ಅವಕಾಶವಾಯಿತು.

ಕಡಲಮೊಲವೆಂಬ ಅಪ್ಲೀಸಿಯ ಈ ಭಾವನೆಗೆ ಅಡ್ಡ ಬರುತ್ತದೆ. ಅದೂ ಮೃದ್ವಂಗಿಯೇ, ಆದರೆ ಅದರ ನರಮಂಡಲದಲ್ಲಿ ಉತ್ಕರ್ಷಣಕ್ಕೆ ಪ್ರಾಧಾನ್ಯವಿಲ್ಲ. ಸಿರೊಟೋನಿನ್ನಿನ ಅಣುವನ್ನು ಮುರಿಯದೆ, ಅದಕ್ಕೆ ಗ್ಲುಟಮಿಕ್ ಆಮ್ಲದ ಒಂದು ಘಟಕವನ್ನು ಬೆಸೆದು ನಿಷ್ಕ್ರಿಯಗೊಳಿಸಲಾಗುತ್ತದೆ. ಇದನ್ನು ಸಸ್ತನಿಗಳ ಪದ್ಧತಿಯ ಅಪೂರ್ಣ ಪೂರ್ವರೂಪವೆನ್ನುವುದು ನನಗೆ ಸಮಂಜಸವೆನಿಸದು. ಅಪ್ಲೀಸಿಯ ನಮ್ಮ ಪೂರ್ವಜವಲ್ಲ. ನಮ್ಮಷ್ಟೇ ದೀರ್ಘಕಾಲ ವಿಕಾಸಗೊಂಡ ಬೇರೊಂದು ಶಾಖೆಯ ಜೀವಿ.