ಬೈಸಿಕಲ್ಲಿನ ಗಂಟೆಯೂ ದಾರಿಯ ಧರ್ಮವೂ

ಚರಿತ್ರೆಯೆಂದರೆ ರಾಜರ ಪಟ್ಟಾಭಿಷೇಕ, ಯುದ್ಧ, ಸಂಧಿ ಮೊದಲಾದವುಗಳ ವೃತ್ತಾಂತವೆಂದು ಎಣಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಆದರೆ ಮನುಷ್ಯನ ನಾಗರಿಕತೆಯ ಕಥೆ ಅಂಗೈಯಗಲದ ವಸ್ತುಗಳಲ್ಲಿಯೂ ಅಡಗಿರುವುದುಂಟು. ಬೈಸಿಕಲ್ಲಿನ ಹ್ಯಾಂಡಲಿನ ಮೇಲೆ ಕುಳಿತಿರುವ ಗಂಟೆ ಅಂಥ ವಸ್ತುಗಳಲ್ಲೊಂದು. ಅದನ್ನು ನಾವು ಬಾರಿಸಿದ್ದೇವೆ. ಅದರ ಸದ್ದಿಗೆ ಬೆಚ್ಚಿ ಪಕ್ಕಕ್ಕೆ ಸರಿದೂ ಇದ್ದೇವೆ. ಆದರೆ ಅದು ಅಲ್ಲಿಗೆ ಏಕೆ ಬಂದಿತು, ಯಾರ ರಕ್ಷಣೆಗಾಗಿ ಬಂದಿತು, ಅದನ್ನು ಬಾರಿಸುವವನಿಗೆ ಅದರಿಂದ ಯಾವ ಅಧಿಕಾರ ಉಂಟಾಗುತ್ತದೆ, ಯಾವುದು ಉಂಟಾಗುವುದಿಲ್ಲ ಎಂಬ ಪ್ರಶ್ನೆಗಳನ್ನು ಕೇಳಿಕೊಂಡವರು ವಿರಳ. ಇವುಗಳಿಗೆ ಚರಿತ್ರೆ ಏನು ಉತ್ತರ ಕೊಡುತ್ತದೆಂಬುದನ್ನು ನೋಡುವುದು ಈ ಭಾಷಣದ ಉದ್ದೇಶ.

ದಾರಿಯಲ್ಲಿ ಗಂಟೆಯ ಸದ್ದು ನಮ್ಮವರಿಗೆ ಹೊಸದಲ್ಲ. ರಾತ್ರಿಯ ಹೊತ್ತು ಸಾಲಾಗಿ ಬರುವ ಗಾಡಿಗಳ ಎತ್ತಿನ ಕೊರಳಿನಲ್ಲಿ ಗಂಟೆ. ಮೆರವಣಿಗೆಯ ಆನೆಯ ಮೈಮೇಲೆ ಗಂಟೆ. ಹಿಂದೆ ಅಂಚೆಯ ಚೀಲವನ್ನು ಹೊತ್ತು ಕಾಡುದಾರಿಯಲ್ಲಿ ಓಡುತ್ತಿದ್ದವನ ಕೋಲಿಗೂ ಗೆಜ್ಜೆ ಕಟ್ಟಿರುತ್ತಿತ್ತು. ಆದರೆ ಈ ಗಂಟೆಗಳಿಗೂ ಬೈಸಿಕಲ್ಲಿನ ಗಂಟೆಗೂ ಒಂದು ಮುಖ್ಯವಾದ ಭೇದವಿದೆ. ಎತ್ತಿನ ಗಂಟೆ ನಡಿಗೆಯಿಂದ ತಾನಾಗಿಯೇ ನುಡಿಯುತ್ತದೆ. ಅದಕ್ಕೆ ಕೋಪವಿಲ್ಲ, ಆತುರವಿಲ್ಲ, ಇಂಥವರು ಸರಿಯಲಿ ಎಂಬ ಉದ್ದೇಶವೂ ಇಲ್ಲ. ಬೈಸಿಕಲ್ಲಿನ ಗಂಟೆಯಾದರೋ ಸವಾರನ ಹೆಬ್ಬೆರಳಿನ ಇಚ್ಛೆಯಂತೆ ನುಡಿಯತಕ್ಕದ್ದು. ಯಾವ ಸದ್ದಿನ ಹಿಂದೆ ಮನುಷ್ಯನ ಇಚ್ಛೆಯುಂಟೋ ಅದಕ್ಕೆ ಧರ್ಮಾಧರ್ಮಗಳೂ ಉಂಟು. ಆದುದರಿಂದಲೇ ಈ ಪುಟ್ಟ ಯಂತ್ರ ಕಾಯಿದೆ ಕಟ್ಟಳೆಗಳ ವಿಷಯವಾಯಿತು.

ಬೈಸಿಕಲ್ಲಿನ ಪೂರ್ವಜ 1817ರಲ್ಲಿ ಜರ್ಮನಿಯ ಮನ್‌ಹೈಮ್ ಪಟ್ಟಣದಲ್ಲಿ ಕಾಣಿಸಿಕೊಂಡಿತು. ಕಾರ್ಲ್ ಫಾನ್ ಡ್ರೈಸ್ ಎಂಬಾತನು ಮರದ ಎರಡು ಚಕ್ರಗಳನ್ನು ಒಂದರ ಹಿಂದೊಂದು ಜೋಡಿಸಿ, ನಡುವೆ ಕುಳಿತು, ಕಾಲುಗಳಿಂದ ನೆಲವನ್ನು ಒದೆಯುತ್ತ ಓಡಿಸುವ ವಾಹನವೊಂದನ್ನು ರಚಿಸಿ, ಆ ವರ್ಷದ ಜೂನ್ 12ರಂದು ಊರ ಹೊರಗಿನ ರಸ್ತೆಯಲ್ಲಿ ಓಡಿಸಿ ತೋರಿಸಿದನು. ಅದಕ್ಕೆ ಪೆಡಲ್ಲಿಲ್ಲ, ಸರಪಣಿಯಿಲ್ಲ. ಆದರೂ ಅದರೊಂದಿಗೆ ಇಂದಿಗೂ ಮುಗಿಯದ ಒಂದು ವ್ಯಾಜ್ಯ ಹುಟ್ಟಿತು. ಗಾಡಿಯ ಚಕ್ರಗಳು ಕೊರೆದ ಜಾಡುಗಳಿಂದ ಹಾಳಾಗಿದ್ದ ಬೀದಿಗಳಲ್ಲಿ ಎರಡು ಚಕ್ರಗಳ ಮೇಲೆ ಸಮತೂಕ ಹಿಡಿಯುವುದು ಕಷ್ಟವಾದುದರಿಂದ, ಸವಾರರು ನಯವಾದ ಕಾಲುಹಾದಿಯನ್ನು ಹತ್ತಿದರು. ಅಲ್ಲಿ ನಡೆಯುತ್ತಿದ್ದವರು ಆಕ್ಷೇಪಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಮನ್‌ಹೈಮಿನ ಕಾಲುಹಾದಿಗಳಲ್ಲಿ ಈ ವಾಹನಕ್ಕೆ ನಿಷೇಧವುಂಟಾಯಿತು. ಕೆಲವೇ ವರ್ಷಗಳೊಳಗೆ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ, ನಮ್ಮ ದೇಶದ ಕಲ್ಕತ್ತೆಯಲ್ಲಿಯೂ ಅಂಥ ನಿಷೇಧಗಳು ಬಂದುವು. ಯಂತ್ರವು ಆಗ ಮೂಲೆ ಸೇರಿತು. ಸವಾರನು ಪಾದಚಾರಿಯ ದಾರಿಗೆ ಬಂದುದು ದುರ್ಬುದ್ಧಿಯಿಂದಲ್ಲ, ತನ್ನ ದಾರಿ ಕೆಟ್ಟಿದ್ದುದರಿಂದ ಎಂಬ ಅಂಶವನ್ನು ಇಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

1860ರ ದಶಕದಲ್ಲಿ ಪ್ಯಾರಿಸ್ ನಗರದಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ಲು ಕೂಡಿಸಿದರು. ಒಂದು ಸುತ್ತಿಗೆ ಹೆಚ್ಚು ದೂರ ಹೋಗಬೇಕಾದರೆ ಚಕ್ರ ದೊಡ್ಡದಾಗಬೇಕಷ್ಟೆ. ಆದುದರಿಂದ 1870ರ ದಶಕದ ಇಂಗ್ಲೆಂಡಿನಲ್ಲಿ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇರುವ ವಿಚಿತ್ರ ವಾಹನ ಪ್ರಚಾರಕ್ಕೆ ಬಂದಿತು. ಆ ಎತ್ತರದಲ್ಲಿ ಕುಳಿತು ಸದ್ದಿಲ್ಲದೆ ಬರುವ ಮನುಷ್ಯನನ್ನು ಕಂಡು ಕುದುರೆಗಳು ಬೆದರುತ್ತಿದ್ದುವು. ಗಾಡಿಯವರಿಗೆ ಇವರ ಮೇಲೆ ದ್ವೇಷ ಬೆಳೆಯಿತು. 1876ರ ಆಗಸ್ಟ್ ತಿಂಗಳಿನಲ್ಲಿ ಸೇಂಟ್ ಆಲ್ಬನ್ಸ್ ಮಾರ್ಗದ ಕುದುರೆಗಾಡಿಯ ಸಾರಥಿಯೊಬ್ಬನು ಪಕ್ಕದಲ್ಲಿ ಹೋಗುತ್ತಿದ್ದ ಸವಾರನನ್ನು ಚಾವಟಿಯಿಂದ ಹೊಡೆದನು. ಗಾಡಿಯ ಮೇಲಿದ್ದ ಕಾವಲಿನವನು ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡನ್ನು ಚಕ್ರದ ಕಡ್ಡಿಗಳ ನಡುವೆ ಎಸೆದು ಅವನನ್ನು ಕೆಳಗೆ ಕೆಡವಿದನು. ಇಬ್ಬರಿಗೂ ದಂಡವಾಯಿತು. ರಸ್ತೆ ಯಾರದು ಎಂಬ ಪ್ರಶ್ನೆ ಚಾವಟಿಗೂ ಕಬ್ಬಿಣದ ಗುಂಡಿಗೂ ಬಂದು ಮುಟ್ಟಿದ್ದ ಕಾಲ ಅದು.

ಇಂಥ ಸಮಯದಲ್ಲಿ, 1877ರಲ್ಲಿ, ಬರ್ಮಿಂಗ್‌ಹ್ಯಾಮಿನ ಜಾನ್ ರಿಚರ್ಡ್ ಡೆಡಿಕೋಟ್ ಎಂಬಾತನು ಬೈಸಿಕಲ್ಲಿನ ಗಂಟೆಗೆ ಪೇಟೆಂಟು ಪಡೆದನು. ಇಂದು ನಮಗೆ ಪರಿಚಿತವಾದ ಗಂಟೆಯ ಒಳಗನ್ನು ಬಿಚ್ಚಿ ನೋಡಿದವರಿಗೆ ಅದರ ಜಾಣ್ಮೆ ಗೊತ್ತು. ಹೆಬ್ಬೆರಳಿನಿಂದ ಒತ್ತುವ ಸಣ್ಣ ಸನ್ನೆ. ಅದರ ಹಲ್ಲುಗಳಿಗೆ ಸಿಕ್ಕಿ ವೇಗವಾಗಿ ತಿರುಗುವ ಪುಟ್ಟ ಹಲ್ಲಿನ ಚಕ್ರ. ಅದರೊಂದಿಗೆ ಸುತ್ತುವ ಪಟ್ಟಿಯ ತುದಿಗಳಲ್ಲಿ ಸಡಿಲವಾಗಿ ಕೂಡಿಸಿದ ಲೋಹದ ಬಿಲ್ಲೆಗಳು. ಸುತ್ತುವಾಗ ಈ ಬಿಲ್ಲೆಗಳು ಹೊರಕ್ಕೆ ಚಿಮ್ಮಿ ಮೇಲಿನ ಬಟ್ಟಲಿನ ಒಳಮೈಯನ್ನು ಬಡಿಯುತ್ತವೆ. ಒಂದು ಒತ್ತಿಗೆ ಅನೇಕ ಬಡಿತ. ಬೆರಳು ಬಿಟ್ಟೊಡನೆ ಸುರುಳಿ ತಂತಿ ಸನ್ನೆಯನ್ನು ಹಿಂದಕ್ಕೆಳೆಯುತ್ತದೆ. ಸವಾರನು ಕೈಹಿಡಿಯನ್ನು ಬಿಡಬೇಕಾದುದಿಲ್ಲ, ಬಾಯಿ ತೆರೆಯಬೇಕಾದುದಿಲ್ಲ. ಸುಲಭವಾಗಿ ನುಡಿಯುವುದು ಅದರ ಗುಣ. ಅದೇ ಅದರ ದೋಷವೂ ಆಗಬಹುದೆಂಬುದನ್ನು ಮುಂದೆ ನೋಡುವೆವು.

ಯಂತ್ರ ಬಂದ ಮೇಲೆ ಕಾಯಿದೆ ಬಂದಿತು. 1835ರ ಇಂಗ್ಲಿಷ್ ಹೆದ್ದಾರಿ ಕಾಯಿದೆಯಲ್ಲಿ ಬೈಸಿಕಲ್ಲಿನ ಹೆಸರಿರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. 1879ರಲ್ಲಿ ಟೇಲರ್ ಮತ್ತು ಗುಡ್ವಿನ್ ಎಂಬುವರ ವ್ಯಾಜ್ಯದಲ್ಲಿ, ಮಿತಿಮೀರಿದ ವೇಗದಿಂದ ಓಡಿಸುವುದನ್ನು ನಿಷೇಧಿಸುವ ನಿಯಮದ ಮಟ್ಟಿಗೆ ಬೈಸಿಕಲ್ಲೂ ಒಂದು ಗಾಡಿಯೇ ಎಂದು ನ್ಯಾಯಾಲಯ ತೀರ್ಪಿತ್ತಿತು. ಅನಂತರ 1888ರ ಸ್ಥಳೀಯ ಆಡಳಿತದ ಕಾಯಿದೆಯ 85ನೆಯ ಪ್ರಕರಣ ಬೈಸಿಕಲ್ಲು, ಟ್ರೈಸಿಕಲ್ಲು ಮುಂತಾದವನ್ನು ಸ್ಪಷ್ಟವಾಗಿ ಗಾಡಿಗಳೆಂದು ಸಾರಿತು. ರಸ್ತೆಯ ಮೇಲೆ ಅವುಗಳಿಗೆ ಹಕ್ಕು ಸಿದ್ಧವಾಯಿತು. ಆದರೆ ಅದೇ ಪ್ರಕರಣದಲ್ಲಿ ಎರಡು ಕರ್ತವ್ಯಗಳನ್ನೂ ವಿಧಿಸಲಾಯಿತು: ಸೂರ್ಯಾಸ್ತದ ಒಂದು ಗಂಟೆಯ ಮೇಲೆ ದೀಪವಿರಬೇಕು, ಮುಂದೆ ಹೋಗುತ್ತಿರುವ ಗಾಡಿಯನ್ನಾಗಲಿ, ಕುದುರೆ ಮೊದಲಾದ ಪ್ರಾಣಿಯನ್ನಾಗಲಿ, ಪಾದಚಾರಿಯನ್ನಾಗಲಿ ದಾಟುವುದಕ್ಕೆ ಮೊದಲು, ತಕ್ಕಷ್ಟು ದೂರದಲ್ಲಿಯೇ ಗಂಟೆಯಿಂದಲೋ ಸೀಟಿಯಿಂದಲೋ ಬೇರೆ ವಿಧದಿಂದಲೋ ಕೇಳಿಸುವಂತೆ ಎಚ್ಚರಿಕೆ ಕೊಡಬೇಕು. ತಪ್ಪಿದವರಿಗೆ 40 ಷಿಲಿಂಗುಗಳವರೆಗೆ ದಂಡ.

ಈ ನಿಯಮದ ಆಶಯವನ್ನು ನಿಧಾನವಾಗಿ ಪರಿಶೀಲಿಸಬೇಕು. ಗಂಟೆ ಬಾರಿಸುವುದು ಸವಾರನಿಗೆ ಕೊಟ್ಟ ಅಧಿಕಾರವಲ್ಲ, ಅವನ ಮೇಲೆ ಹೊರಿಸಿದ ಋಣ. ಎಚ್ಚರಿಕೆ ಕೊಡಬೇಕೆಂದು ವಿಧಿಸಿದೆಯೇ ಹೊರತು, ಗಂಟೆ ಕೇಳಿದವರು ದಾರಿ ಬಿಡಲೇಬೇಕೆಂದು ಅಲ್ಲಿ ವಿಧಿಸಿಲ್ಲ. ಗಂಟೆಯೆಂಬುದು ವಿಜ್ಞಾಪನೆ, ಆಜ್ಞೆಯಲ್ಲ. ನಮ್ಮ ಇಡೀ ವಿಷಯದ ತಿರುಳು ಇಷ್ಟೇ.

ಆದರೆ ಜನರ ಬಳಕೆಯಲ್ಲಿ ಈ ತಿರುಳು ಬೇಗ ಮಾಸಿಹೋಗುವಂಥದು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಎಂಬ ತಗ್ಗಿನ ಬೈಸಿಕಲ್ಲು ಬಂದಿತು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದನು. ವಾಹನ ಸುಲಭವೂ ವೇಗವುಳ್ಳದ್ದೂ ಆಯಿತು. ಜೊತೆಗೆ ಬಹುಮಟ್ಟಿಗೆ ನಿಶ್ಶಬ್ದವೂ ಆಯಿತು. ಕಲ್ಲಿನ ಮೇಲೆ ಗಡಗಡಿಸುವ ಗಾಡಿ ತನ್ನ ಬರವನ್ನು ತಾನೇ ಸಾರುತ್ತದೆ. ರಬ್ಬರಿನ ಮೇಲೆ ತೇಲಿ ಬರುವ ಬೈಸಿಕಲ್ಲಿಗೆ ಗಂಟೆಯೊಂದೇ ಧ್ವನಿ. ಹೀಗೆ ಗಂಟೆಯ ಅವಶ್ಯಕತೆ ಹೆಚ್ಚಿದಂತೆಯೇ, ಬಾರಿಸಿದೊಡನೆ ತನ್ನ ಕರ್ತವ್ಯ ತೀರಿತು, ಮುಂದಿನ ಹೊಣೆ ಎದುರಿನವನದು, ಎಂಬ ಭ್ರಾಂತಿಗೂ ಅವಕಾಶವಾಯಿತು. ಇಂಗ್ಲೆಂಡಿನ ಈ ಗಂಟೆಯ ವಿಧಿಯನ್ನು 1930ರ ರಸ್ತೆ ಸಂಚಾರದ ಕಾಯಿದೆ ತೆಗೆದುಹಾಕಿತು. ಈಗ ಗ್ರೇಟ್ ಬ್ರಿಟನ್ನಿನಲ್ಲಿ ಹೊಸ ಬೈಸಿಕಲ್ಲನ್ನು ಮಾರುವವನು ಗಂಟೆ ಸಮೇತ ಮಾರಬೇಕು. ಕೊಂಡವನು ಮನೆಗೆ ಹೋಗಿ ಅದನ್ನು ಕಿತ್ತಿಟ್ಟರೆ ಅಪರಾಧವಲ್ಲ! 1968ರ ವಿಯೆನ್ನಾ ರಸ್ತೆ ಸಂಚಾರದ ಒಪ್ಪಂದವಾದರೋ ಬೈಸಿಕಲ್ಲಿಗೆ ಗಂಟೆ ಇರಬೇಕು, ಗಂಟೆಯ ಹೊರತು ಬೇರೆ ಸದ್ದಿನ ಸಾಧನ ಇರಕೂಡದು ಎನ್ನುತ್ತದೆ. ಜಪಾನಿನ ರಸ್ತೆ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಪಾಯವನ್ನು ತಪ್ಪಿಸಲು ಬೇರೆ ದಾರಿಯಿಲ್ಲದಿದ್ದಾಗ ಮತ್ತು ಫಲಕಗಳು ಸೂಚಿಸಿದ ಸ್ಥಳಗಳಲ್ಲಿ ವಿನಾ ಗಂಟೆ ಬಾರಿಸುವುದನ್ನೇ ನಿಷೇಧಿಸುತ್ತದೆ. ಅಲ್ಲಿ ಪಾದಚಾರಿಯನ್ನು ಸರಿಸುವುದಕ್ಕಾಗಿ ಗಂಟೆ ಬಾರಿಸಿದವನು ದಂಡಕ್ಕೆ ಅರ್ಹನು. ಒಂದು ದೇಶ ಬಾರಿಸು ಎನ್ನುತ್ತದೆ, ಮತ್ತೊಂದು ಬಾರಿಸಬೇಡ ಎನ್ನುತ್ತದೆ. ಮೇಲ್ನೋಟಕ್ಕೆ ವಿರುದ್ಧವಾಗಿ ಕಂಡರೂ ಇವೆರಡರ ಉದ್ದೇಶವೂ ನಡೆಯುವವನ ರಕ್ಷಣೆಯೇ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪ್ರಶ್ನೆ ರಸ್ತೆಯಿಂದ ಹಾದಿಗೆ ಇಳಿಯಿತು. ಇಂಗ್ಲೆಂಡಿನಲ್ಲಿ ಕುದುರೆ ಸವಾರರಿಗೂ ಕಾಲುನಡೆಯವರಿಗೂ ಮೀಸಲಾಗಿದ್ದ ಹಳ್ಳಿಗಾಡಿನ ಹಾದಿಗಳಲ್ಲಿ ಬೈಸಿಕಲ್ಲುಗಳಿಗೆ 1968ರ ಗ್ರಾಮಾಂತರ ಕಾಯಿದೆ ಪ್ರವೇಶ ಕೊಟ್ಟಿತು. ಷರತ್ತು ಒಂದೇ: ಬೈಸಿಕಲ್ಲಿನವರು ನಡೆಯುವವರಿಗೂ ಕುದುರೆಯ ಮೇಲಿರುವವರಿಗೂ ದಾರಿ ಬಿಡಬೇಕು. ಹೊಸದಾಗಿ ಬಂದವನು, ವೇಗವುಳ್ಳವನು, ಮೊದಲೇ ಇದ್ದವರಿಗೆ ತಗ್ಗಿ ನಡೆಯಬೇಕೆಂಬ ಈ ತತ್ತ್ವ ಎಷ್ಟು ಸರಳವೋ ಅಷ್ಟು ನ್ಯಾಯವಾದುದು. 1979ರಿಂದ 1986ರವರೆಗೆ, ಕೈಬಿಟ್ಟ ರೈಲುದಾರಿಯೊಂದರ ಮೇಲೆ ಬ್ರಿಸ್ಟಲ್ ಮತ್ತು ಬಾತ್ ಪಟ್ಟಣಗಳ ನಡುವೆ ಸುಮಾರು 21 ಕಿಲೋಮೀಟರು ಉದ್ದದ ಹಾದಿ ಸಿದ್ಧವಾಯಿತು. ಅಲ್ಲಿ ನಡೆಯುವವರೂ ಬೈಸಿಕಲ್ಲಿನವರೂ ಒಂದೇ ಹಾದಿಯನ್ನು ಹಂಚಿಕೊಂಡರು. ಲಂಡನ್ನಿನ ಕಾಲುವೆಗಳ ದಡದ ಹಾದಿಯಾದರೋ ಬಲು ಇಕ್ಕಟ್ಟು. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ನೀರು, ಸೇತುವೆಯ ಕೆಳಗೆ ಕುರುಡು ತಿರುವು. ಅಲ್ಲಿ ಕಾಲುವೆಯ ಅಧಿಕಾರಿಗಳು 'ಎರಡು ಟಿಂಗ್' ಎಂಬ ಹೆಸರಿನ ಪ್ರಚಾರವನ್ನೇ ನಡೆಸಿದರು: ಎರಡು ಸಲ ಮೆಲ್ಲಗೆ ಬಾರಿಸು, ಆಮೇಲೆ ನಿಧಾನವಾಗಿ ದಾಟು. 2022ರಲ್ಲಿ ತಿದ್ದುಪಡಿಯಾದ ಬ್ರಿಟಿಷ್ ರಸ್ತೆ ಸಂಹಿತೆ ಇದೇ ತತ್ತ್ವವನ್ನು ಎಲ್ಲ ವಾಹನಗಳಿಗೂ ವಿಸ್ತರಿಸಿ, ಯಾರಿಂದ ಹೆಚ್ಚು ಹಾನಿ ಸಂಭವಿಸಬಹುದೋ ಅವರ ಮೇಲೆ ಹೆಚ್ಚು ಹೊಣೆಯಿದೆಯೆಂದು ಸಾರಿತು.

ನಮ್ಮ ನಾಡಿಗೂ ಈ ಕಥೆಗೂ ಸಂಬಂಧವಿಲ್ಲದೆ ಇಲ್ಲ. 2017ರಲ್ಲಿ ಮೈಸೂರು ನಗರದಲ್ಲಿ ಸಾರ್ವಜನಿಕರಿಗೆ ಬೈಸಿಕಲ್ಲುಗಳನ್ನು ಬಾಡಿಗೆಗೆ ಒದಗಿಸುವ ಏರ್ಪಾಡು ಪ್ರಾರಂಭವಾದಾಗ, ಅದಕ್ಕೆ ಇಟ್ಟ ಹೆಸರು 'ಟ್ರಿಣ್ ಟ್ರಿಣ್'. ವಾಹನಕ್ಕೆ ಅದರ ಗಂಟೆಯ ಸದ್ದನ್ನೇ ಹೆಸರಾಗಿ ಕೊಟ್ಟುದು ಔಚಿತ್ಯವುಳ್ಳ ಕೆಲಸ. ಆದರೆ ಸದ್ದನ್ನು ಮೆಚ್ಚಿದ ಮಾತ್ರಕ್ಕೆ ದಾರಿಯ ಧರ್ಮವನ್ನು ಕಲಿತಂತಾಗಲಿಲ್ಲ. ಮನ್‌ಹೈಮಿನಲ್ಲಿ 1817ರಲ್ಲಿ ಆದುದು ನಮ್ಮ ಊರುಗಳಲ್ಲಿ ಬೇರೊಂದು ರೂಪದಲ್ಲಿ ಕಾಣುತ್ತದೆ. ಫುಟ್‌ಪಾತಿನ ಚಪ್ಪಡಿ ಒಡೆದಿದ್ದರೆ, ಅಥವಾ ಅದರ ಮೇಲೆ ವಾಹನಗಳು ನಿಂತಿದ್ದರೆ, ನಡೆಯುವವನು ರಸ್ತೆಗೆ ಇಳಿಯುತ್ತಾನೆ. ರಸ್ತೆಯಲ್ಲಿ ಮೋಟಾರುಗಳ ಭಯವಿದ್ದರೆ ಬೈಸಿಕಲ್ಲಿನವನು ಫುಟ್‌ಪಾತಿಗೆ ಹತ್ತುತ್ತಾನೆ. ದಾರಿ ತಪ್ಪಿದ ಇಬ್ಬರು ಒಬ್ಬರನ್ನೊಬ್ಬರು ದೂರುತ್ತಾರೆ. ದಾರಿಯನ್ನು ಸರಿಪಡಿಸಬೇಕಾದವರನ್ನು ಇಬ್ಬರೂ ಮರೆಯುತ್ತಾರೆ. ಹಾಳಾದ ದಾರಿಯ ದೋಷವನ್ನು ಗಂಟೆ ತುಂಬಿಕೊಡಲಾರದು.

ದಾರಿ ಸರಿಯಾಗುವವರೆಗೆ ಮಾಡಬೇಕಾದುದೇನು? ಸ್ವಲ್ಪ ಲೆಕ್ಕ ನೋಡೋಣ. ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಬರುವ ಸವಾರನು ಗಂಟೆಗೆ 5 ಕಿಲೋಮೀಟರು ವೇಗದಲ್ಲಿ ಮುಂದೆ ನಡೆಯುವವನನ್ನು ಸೆಕೆಂಡಿಗೆ ಸುಮಾರು 2.8 ಮೀಟರಿನಂತೆ ಸಮೀಪಿಸುತ್ತಾನೆ. 5 ಮೀಟರು ದೂರದಲ್ಲಿ ಗಂಟೆ ಬಾರಿಸಿದರೆ ಮುಂದಿನವನಿಗೆ ಎರಡು ಸೆಕೆಂಡಿನ ಅವಕಾಶವೂ ಇಲ್ಲ. ಅಷ್ಟರಲ್ಲಿ ಅವನು ಬೆಚ್ಚಿ, ಯಾವ ಕಡೆ ಸರಿಯಬಾರದೋ ಆ ಕಡೆಗೇ ಸರಿಯುವ ಸಂಭವವುಂಟು. 25 ಮೀಟರು ದೂರದಲ್ಲಿ ಬಾರಿಸಿದರೆ ಒಂಬತ್ತು ಸೆಕೆಂಡುಗಳು ದೊರೆಯುತ್ತವೆ. ಕೇಳಿ, ತಿಳಿದು, ನಿಧಾನವಾಗಿ ಸರಿಯಲು ವೃದ್ಧರಿಗೂ ಇಷ್ಟು ಸಾಕು. ದೂರದಿಂದ ಬಾರಿಸಿದ್ದು ಸೌಜನ್ಯ. ಹತ್ತಿರದಿಂದ ಬಾರಿಸಿದ್ದು ಬೈಗುಳ.

ಗಂಟೆ ಕೇಳಿಯೂ ಸರಿಯದವನು ಹಟಮಾರಿಯೆಂದು ಭಾವಿಸುವುದು ಸವಾರರ ಸಾಮಾನ್ಯವಾದ ತಪ್ಪು. ಅವನಿಗೆ ಕಿವಿ ಕೇಳದಿರಬಹುದು, ಕಣ್ಣು ಕಾಣದಿರಬಹುದು, ಕಿವಿಗೆ ಸಂಗೀತದ ಯಂತ್ರವನ್ನು ಸಿಕ್ಕಿಸಿಕೊಂಡಿರಬಹುದು, ಕೈಹಿಡಿದ ಮಗುವನ್ನು ಯಾವ ಕಡೆ ಎಳೆಯಬೇಕೆಂದು ತಾಯಿ ಯೋಚಿಸುತ್ತಿರಬಹುದು. ಉತ್ತರ ಬಾರದಿದ್ದರೆ ಸದ್ದು ಕೇಳಲಿಲ್ಲವೆಂದೇ ತಿಳಿದು ವೇಗ ತಗ್ಗಿಸಬೇಕು. ಅವಶ್ಯವಾದರೆ ಇಳಿದು ನಡೆಯಬೇಕು. ಪ್ರಾಣಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಿಂದಿನಿಂದ ತಟ್ಟನೆ ಕೇಳಿದ ಗಂಟೆಗೆ ಕುದುರೆ ಬೆದರಬಹುದು. ಅಲ್ಲಿ ಗಂಟೆಗಿಂತ ಮನುಷ್ಯನ ಮೆಲುಮಾತು ಉತ್ತಮ. ನಡೆಯುವವರಿಗೂ ಕರ್ತವ್ಯವಿಲ್ಲದೆ ಇಲ್ಲ: ಹಾದಿಯ ಪೂರ್ಣ ಅಗಲವನ್ನು ಆಕ್ರಮಿಸದೆ ಒಂದು ಪಕ್ಕ ಹಿಡಿದು ನಡೆಯುವುದು, ಸಾಕಿದ ನಾಯಿಯ ಹಗ್ಗವನ್ನು ಗಿಡ್ಡವಾಗಿ ಹಿಡಿಯುವುದು. ಆದರೆ ಎರಡು ಕರ್ತವ್ಯಗಳೂ ಒಂದೇ ತೂಕದವಲ್ಲ. ಡಿಕ್ಕಿಯಾದರೆ ಯಾರಿಗೆ ಹೆಚ್ಚು ಪೆಟ್ಟು ಬೀಳುತ್ತದೆಯೋ ಅವನ ಕಡೆಗೆ ನ್ಯಾಯದ ತಕ್ಕಡಿ ವಾಲಬೇಕು. ಬೈಸಿಕಲ್ಲಿನವನು ಮೋಟಾರಿನವನಿಂದ ಬೇಡುವ ದಾಕ್ಷಿಣ್ಯವನ್ನೇ ಪಾದಚಾರಿ ಬೈಸಿಕಲ್ಲಿನವನಿಂದ ಬೇಡುತ್ತಾನೆ. ಒಂದನ್ನು ಕೊಡದೆ ಮತ್ತೊಂದನ್ನು ಕೇಳುವುದು ಸಲ್ಲದು.

ಇನ್ನೂರು ವರ್ಷಗಳಿಗೆ ಮೀರಿದ ಈ ವೃತ್ತಾಂತದಲ್ಲಿ ವಾಹನಗಳು ಬದಲಾದುವು, ಕಾಯಿದೆಗಳು ಬಂದುವು, ಹೋದುವು. ಈಗ ವಿದ್ಯುಚ್ಛಕ್ತಿಯ ಬೈಸಿಕಲ್ಲುಗಳು ಬಂದು ವೇಗ ಹೆಚ್ಚಿದೆ, ಸದ್ದು ಹೆಚ್ಚಿಲ್ಲ. ಗಂಟೆಯ ಕೆಲಸ ಮುಗಿದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಆದರೆ ಆ ಬಟ್ಟಲಿನಿಂದ ಹೊರಡುವ ನಾದದ ಅರ್ಥವನ್ನು ಲೋಹ ನಿಶ್ಚಯಿಸುವುದಿಲ್ಲ, ಬೆರಳು ನಿಶ್ಚಯಿಸುತ್ತದೆ. 'ಸರಿ ಪಕ್ಕಕ್ಕೆ' ಎಂದು ನುಡಿಸುವುದೋ, 'ಸ್ವಾಮೀ, ನಾನು ಹಿಂದೆ ಇದ್ದೇನೆ' ಎಂದು ನುಡಿಸುವುದೋ ಸವಾರನ ಸಂಸ್ಕಾರಕ್ಕೆ ಬಿಟ್ಟದ್ದು. ಹಾದಿಯಲ್ಲಿ ಮುಂದೆ ಹೋಗುತ್ತಿರುವ ಮುದುಕನು ಆ ಎರಡರ ವ್ಯತ್ಯಾಸವನ್ನು ತಿರುಗಿ ನೋಡದೆಯೇ ಅರಿಯಬಲ್ಲನು.