ಹೊಗೆಯ ವರ್ಷಗಳು, ಜ್ವರದ ವಾರಗಳು: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಕುರಿತು

ವಿಜಯಪುರ ಜಿಲ್ಲೆಯ ಗಾಳಿಯ ಮಾತು ಬಂದೊಡನೆ ಎಲ್ಲರ ಬೆರಳು ಕೂಡಗಿಯತ್ತ ಹೋಗುತ್ತದೆ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಈ ಊರಲ್ಲಿ ಎನ್‌ಟಿಪಿಸಿಯ ತಲಾ 800 ಮೆಗಾವಾಟ್‌ನ ಮೂರು ಕಲ್ಲಿದ್ದಲು ಘಟಕಗಳಿವೆ. 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಯೋಜನೆಯ ಪರಿಸರ ಅನುಮತಿಯನ್ನು ಅಮಾನತಿನಲ್ಲಿಟ್ಟಿತ್ತು. ಅದೇ ವರ್ಷದ ಜುಲೈನಲ್ಲಿ ರೈತರ ಪ್ರತಿಭಟನೆಯ ವೇಳೆ ಗೋಲಿಬಾರ್ ಆಯಿತು. ಬೆರಳು ಹೋಗುವುದು ಸುಮ್ಮನೆ ಅಲ್ಲ. ಆದರೆ ಶ್ವಾಸಕೋಶದ ಸಾಂಕ್ರಾಮಿಕ ಬಂದರೆ ಇಲ್ಲಿ ಯಾರಿಗೆ ಅದು ಉಲ್ಬಣಿಸುತ್ತದೆ ಎಂಬುದನ್ನು ಚಿಮಣಿಯಿಂದ ಊರಿಗಿರುವ ದೂರವೊಂದರಿಂದ ತಿಳಿಯಲಾಗದು.

ಕಲ್ಲಿದ್ದಲಿಗೂ ಸಾಂಕ್ರಾಮಿಕಕ್ಕೂ ನಂಟು ಹಳೆಯದು. 1918ರ ಇನ್‌ಫ್ಲುಯೆಂಜಾ ಆಗ ಬಿಜಾಪುರವೂ ಸೇರಿದ್ದ ಮುಂಬೈ ಪ್ರಾಂತವನ್ನು ಹಣ್ಣು ಮಾಡಿತು. ಅದೇ ಜ್ವರ ಅಮೆರಿಕದ ನಗರಗಳನ್ನೂ ಹೊಕ್ಕಿತು. ಕಲ್ಲಿದ್ದಲಿನಿಂದ ಹೆಚ್ಚು ವಿದ್ಯುತ್ ತೆಗೆಯುತ್ತಿದ್ದ ನಗರಗಳಲ್ಲಿ ಸಾವು ಹೆಚ್ಚಿತ್ತೆಂದು ಕ್ಲೇ, ಲೂಯಿಸ್ ಮತ್ತು ಸೆವೆರ್ನಿನಿ 2018ರಲ್ಲಿ ತೋರಿಸಿದರು. 2003ರ ಸಾರ್ಸ್ ವೇಳೆ ಚೀನಾದಲ್ಲೂ ಹೆಚ್ಚು ಕಲುಷಿತ ಪ್ರದೇಶದ ರೋಗಿಗಳ ಸಾವಿನ ಅಪಾಯ ಸುಮಾರು ಇಮ್ಮಡಿ ಇತ್ತು. ಕೋವಿಡ್ ಕಾಲದಲ್ಲಿ ಅಮೆರಿಕದ 3,089 ಕೌಂಟಿಗಳನ್ನು ಪರಿಶೀಲಿಸಿದ ಹಾರ್ವರ್ಡ್ ತಂಡ, ಗಾಳಿಯ ಸೂಕ್ಷ್ಮ ಕಣಗಳ (ಪಿಎಂ 2.5) ದೀರ್ಘಕಾಲದ ಸರಾಸರಿ ಘನಮೀಟರಿಗೆ 1 ಮೈಕ್ರೋಗ್ರಾಂ ಏರಿದರೆ ಸಾವಿನ ಪ್ರಮಾಣ ಶೇ 11ರಷ್ಟು ಹೆಚ್ಚುವ ಸಂಬಂಧ ಕಂಡಿತು. ಇದು ಪ್ರದೇಶಗಳ ಸರಾಸರಿ. ಒಬ್ಬೊಬ್ಬ ರೋಗಿಯ ಲೆಕ್ಕವಲ್ಲ. ಭಾರತದ ವಾರ್ಷಿಕ ಮಿತಿ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 2021ರಿಂದ 5.

ಸೂಕ್ಷ್ಮ ಕಣಗಳು ಶ್ವಾಸನಾಳದ ರೋಮಗಳ ಚಲನೆಯನ್ನು ಕುಂದಿಸುತ್ತವೆ, ರೋಗಾಣು ನುಂಗುವ ಕೋಶಗಳನ್ನು ದುರ್ಬಲಗೊಳಿಸುತ್ತವೆ. ವೈರಸ್ ಬರುವ ಹೊತ್ತಿಗೆ ಶ್ವಾಸಕೋಶ ಆಗಲೇ ಸೋತಿರುತ್ತದೆ.

ಈಗ ಗಾಳಿಯ ದಿಕ್ಕು ನೋಡಿ. ಮುಂಗಾರಿನಲ್ಲಿ ಪಶ್ಚಿಮ, ನೈಋತ್ಯದ ಗಾಳಿ ಕೂಡಗಿಯ ಹೊಗೆಯನ್ನು ಬಸವನ ಬಾಗೇವಾಡಿ, ಸಿಂದಗಿಯ ಕಡೆ ಒಯ್ಯುತ್ತದೆ. ಮಳೆ ಅದರಲ್ಲಿ ಒಂದಿಷ್ಟನ್ನು ತೊಳೆಯುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ ಅದನ್ನು ಪಶ್ಚಿಮಕ್ಕೆ ತಳ್ಳುತ್ತದೆ. ಆಗ ಇಂಡಿ, ಮುದ್ದೇಬಿಹಾಳದ ಹಳ್ಳಿಗಳಲ್ಲಿ ಉಳಿಯುವುದು ಮನೆಯದೇ ಹೊಗೆ: ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು. ಮೇಲೆ ರಾಶಿಯ ದೂಳು. 2016ರ ಉಜ್ವಲಾ ಯೋಜನೆಯಿಂದ ಸಿಲಿಂಡರ್ ಬಂದ ಮನೆಯಲ್ಲೂ ಸ್ನಾನದ ನೀರಿಗೆ ಒಲೆ ಉರಿದರೆ, ಬೂದಿ ತೆಗೆಯುವ ಹೆಂಗಸಿನ ಶ್ವಾಸಕೋಶದ ಪಾಲಿಗೆ ಹೊಗೆ ನಿಂತಿಲ್ಲ. ಚಿಮಣಿಯ ವಿರುದ್ಧ ಹೋರಾಟವಾಗುತ್ತದೆ, ಒಲೆಯ ವಿರುದ್ಧ ಯಾರು ಧರಣಿ ಕೂಡುತ್ತಾರೆ?

ಇನ್ನೊಂದು ತೊಡಕು ಗುಳೆ. ಈ ಭಾಗದ ದುಡಿಯುವ ಕುಟುಂಬಗಳು ಗೋವಾ, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೂ ಕಬ್ಬು ಕಟಾವಿಗೂ ಹೋಗುತ್ತವೆ. ಸಿಮೆಂಟ್ ದೂಳು ಕುಡಿದದ್ದು ಅಲ್ಲಿ, ರೋಗ ದಾಖಲಾಗುವುದು ಇಂಡಿಯಲ್ಲಿ. 2020ರ ಲಾಕ್‌ಡೌನ್ ಬಳಿಕ ಮರಳಿದವರ ರೋಗದ ಎಣಿಕೆಯನ್ನು ತಾಲ್ಲೂಕಿನ ಗಾಳಿಗೆ ಕಟ್ಟಿದರೆ ಸಂಖ್ಯೆ ಸಿಗುತ್ತದೆ, ಕಾರಣ ಸಿಗುವುದಿಲ್ಲ. 2019ರ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವಂತೂ ಕರ್ನಾಟಕದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳನ್ನಷ್ಟೇ ಹಿಡಿದಿದೆ. ಹಳ್ಳಿಯ ಉಸಿರು ಅದರ ವ್ಯಾಪ್ತಿಗೇ ಬರುವುದಿಲ್ಲ.

ಆದ್ದರಿಂದ ಇಲ್ಲಿನ ಅಧ್ಯಯನ ನಕ್ಷೆಗಿಂತ ಮೊದಲು ರೋಗಿಯ ಚೀಟಿಯಿಂದ ಹೊರಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ತೀವ್ರ ಉಸಿರಾಟದ ಸೋಂಕಿನಿಂದ ದಾಖಲಾದವರ ಬಳಿ ವಯಸ್ಸು, ಬೀಡಿ, ಕ್ಷಯಗಳ ಜೊತೆಗೆ ಮೂರು ಸಂಗತಿ ಕೇಳಿ ಬರೆದುಕೊಳ್ಳಬೇಕು: ಹತ್ತು ವರ್ಷದಲ್ಲಿ ಎಲ್ಲೆಲ್ಲಿ ದುಡಿದರು, ಮನೆಯ ಒಲೆಗೆ ಏನು ಹಾಕುತ್ತಾರೆ, ಕೂಡಗಿಯ ಯಾವ ದಿಕ್ಕಿಗೆ ಅವರ ಊರು.