ಅಸೂಸ್ ಈ ಪಿಸಿ 701: ನಿತ್ಯ ಬಳಕೆಗೆ ಎಷ್ಟು ಯೋಗ್ಯ?

ತೈವಾನಿನ ಅಸೂಸ್ ಸಂಸ್ಥೆ 2007ರಲ್ಲಿ ಹೊರತಂದ ಈ ಪಿಸಿ 701, ನೆಟ್‌ಬುಕ್ ಎಂಬ ಕಿರುಗಣಕಗಳ ಯುಗಕ್ಕೆ ನಾಂದಿ ಹಾಡಿದ ಯಂತ್ರ. 4 ಗಿಗಾಬೈಟ್ ಸಂಗ್ರಹದ ಮಾದರಿಗೆ ಅಮೆರಿಕದಲ್ಲಿ 399 ಡಾಲರ್ ಬೆಲೆಯಿತ್ತು. ತೂಕ ಒಂದು ಕಿಲೋಗ್ರಾಮಿಗೂ ಕಡಿಮೆ. ತಿರುಗುವ ಹಾರ್ಡ್ ಡಿಸ್ಕ್ ಇಲ್ಲದ್ದರಿಂದ ಬಸ್ ಪ್ರಯಾಣದ ಕುಲುಕಾಟಕ್ಕೆ ಅಂಜಬೇಕಿರಲಿಲ್ಲ.

ಇದರ ದೌರ್ಬಲ್ಯ ವೇಗದಲ್ಲಿದೆ ಎಂದು ಭಾವಿಸುವವರುಂಟು. 900 ಮೆಗಾಹರ್ಟ್ಸ್‌ನ ಸೆಲೆರಾನ್ ಪ್ರೊಸೆಸರನ್ನು 630ಕ್ಕೆ ತಗ್ಗಿಸಿ ಓಡಿಸಲಾಗಿತ್ತೆಂಬುದೂ ನಿಜ. ಆದರೆ ಪತ್ರ ಬರೆಯಲು, ಮಿಂಚಂಚೆ ಓದಲು ಅಂದು ಅಷ್ಟು ಸಾಕಾಗಿತ್ತು. ನಿಜವಾದ ತೊಡಕು 7 ಅಂಗುಲದ ಪರದೆ. ಅದರ ಎತ್ತರ ಕೇವಲ 480 ಪಿಕ್ಸೆಲ್. ತಂತ್ರಾಂಶದ ಕಿಟಕಿಗಳು ಪರದೆಯ ಕೆಳಗೆ ಇಳಿದುಹೋಗಿ, ಒತ್ತಬೇಕಾದ ‘ಓಕೆ’ ಗುಂಡಿಯೇ ಕಣ್ಮರೆಯಾಗುತ್ತಿತ್ತು! ಆಲ್ಟ್ ಕೀಲಿ ಹಿಡಿದು ಕಿಟಕಿಯನ್ನು ಮೇಲಕ್ಕೆಳೆಯುವ ಉಪಾಯ ತಿಳಿಯದವರು ಪರದಾಡಬೇಕಾಗುತ್ತಿತ್ತು. ಕೀಲಿಮಣೆಯೂ ಇಕ್ಕಟ್ಟು, ಮಕ್ಕಳ ಬೆರಳಿಗೆ ಹಿತ, ದಿನವಿಡೀ ಬೆರಳಚ್ಚು ಮಾಡುವವರಿಗೆ ಶಿಕ್ಷೆ.

ಅಗ್ಗವೆಂದು ಇಂದು ಇದನ್ನು ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವವರು ಎರಡು ಸಂಗತಿ ಗಮನಿಸಬೇಕು. 512 ಮೆಗಾಬೈಟ್ ರ‍್ಯಾಮ್ ಹೆಚ್ಚಿಸಬಹುದು; ಮದರ್‌ಬೋರ್ಡಿಗೆ ಬೆಸೆದ ಸಂಗ್ರಹವನ್ನು ಬದಲಿಸುವಂತಿಲ್ಲ, ಎಸ್‌ಡಿ ಕಾರ್ಡನ್ನೇ ನೆಚ್ಚಬೇಕು. ಪ್ರೊಸೆಸರ್ 32 ಬಿಟ್‌ನದು. 32 ಬಿಟ್ ಲಿನಕ್ಸ್‌ಗೆ ಗೂಗಲ್ ಕ್ರೋಮ್ ಬೆಂಬಲ 2016ರಲ್ಲೇ ನಿಂತಿತು. ವಿಂಡೋಸ್ ಎಕ್ಸ್‌ಪಿಯ ಭದ್ರತಾ ಪರಿಷ್ಕರಣೆ 2014ರಲ್ಲಿ ಕೊನೆಗೊಂಡಿತು. ಆದ್ದರಿಂದ ಬ್ಯಾಂಕ್ ವ್ಯವಹಾರಕ್ಕೆ ಇದು ಸರ್ವಥಾ ಸಲ್ಲದು. ಅಂತರಜಾಲದ ಗೊಡವೆಯಿಲ್ಲದೆ ಬರೆಯುವವರಿಗೆ ಮಾತ್ರ ಈಗಲೂ ಒದಗೀತು, ಅದೂ ಬ್ಯಾಟರಿಯಲ್ಲಿ ಜೀವ ಉಳಿದಿದ್ದರೆ.